ಕುಂಕುಮವಿಲ್ಲದ ಎಂಟು ಕೊಳವೆಗಳು

ಆ ವಾಸನೆ ಮೋಹಿನಿಗೆ ಗೊತ್ತಿದ್ದುದೇ. ಏಳು ವರ್ಷದವಳಿದ್ದಾಗ ಮಲ್ಪೆಯ ಐಸ್ ಫ್ಯಾಕ್ಟರಿಯ ಹಿಂಬದಿಯಲ್ಲಿ ಒಮ್ಮೆ ಕಣ್ಣು, ಮೂಗು ಎರಡನ್ನೂ ಒಟ್ಟಿಗೇ ಚುಚ್ಚಿದ ವಾಸನೆ. ಕೆಮ್ಮುತ್ತ ನಿಂತವಳ ಮುಖಕ್ಕೆ ಮೀನಿನ ಬುಟ್ಟಿ ಹೊತ್ತ ಯಾರೋ ಹೆಂಗಸು ತನ್ನ ಸೆರಗನ್ನು ನೀರಿನಲ್ಲಿ ಅದ್ದಿ ಒತ್ತಿ ಹಿಡಿದಿದ್ದಳು. "ಇದರೊಳಗೆ ಉಸಿರು ಎಳಿ ಮಗಾ. ಅದನ್ನು ನೀರು ಕುಡೀತದೆ." ಆಕೆಯ ಹೆಸರನ್ನೂ ಕೇಳಲಾಗಿರಲಿಲ್ಲ.

ಐವತ್ತೆರಡು ವರ್ಷಗಳ ನಂತರ, ಜೋಗೇಶ್ವರಿಯ ಒಂದು ಸಣ್ಣ ಕೆಮಿಕಲ್ ಕಾರ್ಖಾನೆಯ ನಲವತ್ತು ಅಡಿ ಎತ್ತರದ ಕಬ್ಬಿಣದ ಅಟ್ಟದ ಮೇಲೆ ಅದೇ ಅಮೋನಿಯಾದ ವಾಸನೆ ತೆಳುವಾಗಿ ಉಳಿದುಕೊಂಡಿತ್ತು. ಹನ್ನೆರಡು ದಿನಗಳ ಹಿಂದೆ ಸಾಯಬಣ್ಣ ಎಂಬ ಕೆಲಸಗಾರ ಇಲ್ಲೇ ಆ ಗ್ಯಾಸು ತಾಗಿ ಸತ್ತಿದ್ದ. ನೀರಿನ ವಾಲ್ವ್ ಮುಚ್ಚಿ ಅವನ ಸಾವಿಗೆ ಕಾರಣನಾದ ಎಂದು ಅವನ ಜೊತೆಗಾರ, ಆಪರೇಟರ್ ಖಂಡಪ್ಪ ಲಾಕಪ್ಪಿನಲ್ಲಿದ್ದ. ಸೋಮವಾರ ಅವನನ್ನು ಮತ್ತೆ ಕೋರ್ಟಿಗೆ ಹಾಜರುಪಡಿಸುತ್ತಾರೆ. ಇವತ್ತು ಶನಿವಾರ.

"ಕೈ ಹಿಡ್ಕೊಳ್ಳಿ ಅಕ್ಕ, ಇಲ್ಲಿ ಜಾರ್ತದೆ," ಎಂದ ಶೇಖರ. ಪ್ರೊಡಕ್ಷನ್ ಮ್ಯಾನೇಜರ್, ಕಾರ್ಕಳದ ಕಡೆಯವನು. ಏಣಿ ಹತ್ತುವ ಮೊದಲು ತನ್ನ ತಲೆಯ ಹೆಲ್ಮೆಟ್ ತೆಗೆದು ಅವಳ ತಲೆಗೆ ಇಟ್ಟಿದ್ದ. ಅಂಥದ್ದನ್ನು ಮೋಹಿನಿ ಗಮನಿಸದೆ ಇರುತ್ತಿರಲಿಲ್ಲ.

ಮೂವತ್ತು ವರ್ಷ ಫೊರೆನ್ಸಿಕ್ ಲ್ಯಾಬಿನಲ್ಲಿ ದುಡಿದು ನಿವೃತ್ತಳಾದವಳು ಅವಳು. ಸಯನ್‌ನಲ್ಲಿ ಅವಳಿರುವ ಬಿಲ್ಡಿಂಗಿನ ಮೆಟ್ಟಿಲು ಗುಡಿಸುವ ಗುರುಬಾಯಿ ಖಂಡಪ್ಪನ ಹೆಂಡತಿ. ಆಕೆ ಪೊರಕೆ ಕೆಳಗಿಟ್ಟು ಬಾಗಿಲಲ್ಲಿ ನಿಂತು ಅಳದೇ ಹೇಳಿದ ಕಥೆಯಿಂದ ಈ ಕೆಲಸ ಶುರುವಾಗಿತ್ತು.

"ಇದು ಹೇಗೆ ಕೆಲಸ ಮಾಡ್ತದೆ, ನನಗೆ ತಿಳಿಯುವ ಹಾಗೆ ಹೇಳಿ," ಎಂದಳು ಮೋಹಿನಿ.

ಶೇಖರ ಎದುರಿನ ಉಕ್ಕಿನ ಕಂಬವನ್ನು ತಟ್ಟಿದ. "ಇದರೊಳಗೆ ನೆಟ್ಟಗೆ ನಿಲ್ಲಿಸಿದ ಟ್ಯೂಬುಗಳು ಉಂಟು. ಮೇಲಿಂದ ನೀರು ಬಿಡ್ತೇವೆ. ಧಾರೆ ಅಲ್ಲ. ಟ್ಯೂಬಿನ ಒಳಗೋಡೆಗೆ ಅಂಟಿಕೊಂಡು, ನೀರುದೋಸೆಯಷ್ಟು ತೆಳ್ಳಗೆ ಇಳೀತದೆ. ಕೆಳಗಿಂದ ಅಮೋನಿಯಾ ಗ್ಯಾಸು ಹತ್ತುತ್ತದೆ. ಎರಡೂ ಎದುರುಬದುರು. ದಾರಿಯಲ್ಲಿ ನೀರು ಗ್ಯಾಸನ್ನು ಕುಡೀತದೆ. ಕೆಳಗೆ ಅಮೋನಿಯಾ ನೀರು, ಮೇಲೆ ಈ ಕೊಳವೆಯಿಂದ ಬರೇ ಗಾಳಿ."

"ನೀರು ನಿಂತರೆ?"

"ಕುಡಿಯುವವರು ಇಲ್ಲ. ಗ್ಯಾಸು ಸೀದಾ ಮೇಲೆ. ಅದೇ ಆದದ್ದು. ಸಾಯಬಣ್ಣ ಇಲ್ಲಿ ಮುಚ್ಚಳದ ಬೋಲ್ಟು ನೋಡ್ತಾ ಇದ್ದ."

"ನೀರು ನಿಂತಿತ್ತು ಅಂತ ಹೇಗೆ ಗೊತ್ತು?"

"ಎರಡು ಗಂಟೆ ಹತ್ತು ನಿಮಿಷಕ್ಕೆ ಕೆಳಗಿನ ಮೀಟರ್ ಸೊನ್ನೆ. ಒಂದು ಹನಿ ಕೆಳಗೆ ಬರಲಿಲ್ಲ. ಕಂಪ್ಯೂಟರಲ್ಲಿ ಉಂಟು."

"ಮೇಲಿಂದ ಎಷ್ಟು ನೀರು ಹೋಗ್ತದೆ ಅಂತ ಅಳೆಯುವ ಮೀಟರ್?"

"ಅದು ಕೆಟ್ಟು ವರ್ಷ ಆಯ್ತು."

ಮೋಹಿನಿ ಚೀಲದಿಂದ ಪಂಚನಾಮೆಯ ಪ್ರತಿ ತೆಗೆದಳು. "ಇದರಲ್ಲಿ ಬರೆದಿದ್ದಾರೆ. ಶರ್ಟು ಪೂರ್ತಿ ಒದ್ದೆ, ಪ್ಯಾಂಟು ಒದ್ದೆ, ಬನಿಯನ್ನೂ ಒದ್ದೆ."

"ನಾವೇ ಪೈಪು ಹಿಡಿದು ನೀರು ಹೊಡೆದದ್ದು ಮಾರಾಯ್ರೆ. ಗ್ಯಾಸು ತಾಗಿದವನಿಗೆ ಮತ್ತೆಂತ ಮಾಡುದು?"

"ಕೆಳಗೆ ಇಳಿಸಿದ ಮೇಲೆ?"

"ಹೌದು. ಪೈಪು ಇಷ್ಟು ಮೇಲೆ ಬರುದಿಲ್ಲ."

ಅವಳು ತಲೆ ಎತ್ತಿದಳು. ಮಳೆಗಾಲಕ್ಕೆಂದು ಅಟ್ಟದ ಮೇಲೆ ತಗಡು ಹೊದಿಸಿದ್ದರು. ತಗಡಿನ ಒಳಮೈಯೆಲ್ಲ ವರ್ಷಗಳ ಮಸಿ. ಗಾಳಿ ಹೋಗುವ ಕೊಳವೆಯ ನೇರಕ್ಕೆ ಮಾತ್ರ ದೊಡ್ಡ ಹರಿವಾಣದಷ್ಟು ಜಾಗ ಬೆಳ್ಳಗೆ ತೊಳೆದುಹೋಗಿತ್ತು. ಅದರ ಸುತ್ತ ಹನಿ ಇಳಿದ ತುಕ್ಕಿನ ಗೆರೆಗಳು.

"ಮಳೆ ತಗಡಿನ ಮೇಲ್ಮೈ ತೊಳೀತದೆ ಶೇಖರ. ಒಳಮೈ ಯಾರು ತೊಳೆದರು?"

ಅವನು ನೋಡಿದ.

"ಹಳೇ ತಗಡು ಅಕ್ಕ," ಎಂದ. ಇಳಿಯುವಾಗ ಅವಳ ಮೊಣಕೈ ಹಿಡಿದೇ ಇಳಿಸಿದ. ಕೇಳಿದ ಡ್ರಾಯಿಂಗನ್ನೂ ಆ ದಿನದ ಮೀಟರ್ ದಾಖಲೆಯನ್ನೂ ತಕರಾರಿಲ್ಲದೆ ಪ್ರಿಂಟ್ ಹಾಕಿಸಿ ಕೊಟ್ಟ.

ಅಷ್ಟು ಸಲೀಸಾಗಿ ಕೊಟ್ಟದ್ದೇ ಅವಳಿಗೆ ಸರಿ ಕಾಣಲಿಲ್ಲ.

*

ಮಧ್ಯಾಹ್ನ ಲೋಕಲ್ ಟ್ರೇನಿನಲ್ಲಿ ಗುರುಬಾಯಿಯೂ ಜೊತೆಗಿದ್ದಳು. ಮನೆಯಲ್ಲಿ ಒಬ್ಬಳೇ ಕೂತರೆ ಗೋಡೆ ನೋಡುತ್ತಾಳೆಂದು ಮೋಹಿನಿಯೇ ಕರೆದಿದ್ದಳು. ಮೂರು ಜನ ಕೂತ ಸೀಟಿನಲ್ಲಿ ಹೂ ಮಾರುವ ಮರಾಠಿ ಹೆಂಗಸೊಬ್ಬಳು ಏನೂ ಕೇಳದೆ ಸರಿದು, ನಾಲ್ಕನೆಯವಳಾಗಿ ಗುರುಬಾಯಿಗೆ ಅರ್ಧ ಜಾಗ ಮಾಡಿಕೊಟ್ಟಳು.

ಮಾಟುಂಗದ ಕಾಲೇಜಿನ ಲ್ಯಾಬಿನಲ್ಲಿ ನಿಖಿತಾ ಕಾಯುತ್ತಿದ್ದಳು. ಮೋಹಿನಿಯ ತಂಗಿಯ ಮಗಳು, ಕೆಮಿಕಲ್ ಎಂಜಿನಿಯರಿಂಗ್‌ನಲ್ಲಿ ಪಿಎಚ್.ಡಿ. ಮಾಡುವವಳು. ಕಂಬದೊಳಗೆ ನೀರು ಗ್ಯಾಸು ಹೇಗೆ ಹರಿಯುತ್ತವೆಂದು ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿ ತೋರಿಸುವುದೇ ಅವಳ ಓದು. ಬೆಳಿಗ್ಗೆ ಕಾರ್ಖಾನೆಯಿಂದಲೇ ಮೋಹಿನಿ ಡ್ರಾಯಿಂಗು, ದಾಖಲೆಗಳ ಫೋಟೋ ಅವಳಿಗೆ ಕಳಿಸಿದ್ದಳು. ಗುರುಬಾಯಿ ನೆಲದ ಮೇಲೆ ಕೂರಹೋದಾಗ ನಿಖಿತಾ ತನ್ನ ಕುರ್ಚಿ ಎಳೆದು ಕೊಟ್ಟಳು. ಆಮೇಲೆ ಎದ್ದು ಎಸಿ ಆಫ್ ಮಾಡಿದಳು. ಗುರುಬಾಯಿ ಸೆರಗನ್ನು ಬಿಗಿಯಾಗಿ ಹೊದ್ದದ್ದನ್ನು ನೋಡಿರಬೇಕು.

"ದೊಡ್ಡಮ್ಮ, ನಾನು ಒಂದೇ ಟ್ಯೂಬ್ ಮಾಡಿದ್ದು. ಉದ್ದಕ್ಕೆ ಕಟ್ ಮಾಡಿ ಒಳಗೆ ನೋಡಿದ ಹಾಗೆ," ಎಂದಳು. ಅವಳ ಕನ್ನಡ ತಡವರಿಸುತ್ತಲೇ ಬರುತ್ತಿತ್ತು. "ಬ್ಲೂ ಇದೆ ಅಲ್ವಾ, ನೀರು. ಯೆಲ್ಲೋ, ಗ್ಯಾಸ್. ಡ್ರಾಯಿಂಗ್‌ನಲ್ಲಿ ನೈನ್ಟೀನ್ ಟ್ಯೂಬ್ಸ್. ಟೋಟಲ್ ಗ್ಯಾಸನ್ನು ನೈನ್ಟೀನ್‌ನಿಂದ ಭಾಗಿಸಿ ಒಂದಕ್ಕೆ ಹಾಕಿದ್ದೇನೆ."

ಪರದೆಯ ಮೇಲೆ ನೀಲಿ ಪದರ ಗೋಡೆ ಹಿಡಿದು ಇಳಿಯುತ್ತಿತ್ತು. ಮೈಯಲ್ಲಿ ಸಣ್ಣ ಸಣ್ಣ ಅಲೆ. ಹಳದಿ ನಡುವಿನಲ್ಲಿ ಮೇಲೇರುತ್ತಿತ್ತು.

"ಗ್ಯಾಸ್ ಜಾಸ್ತಿ ಮಾಡಿದ್ರೆ ನೋಡಿ." ಅವಳು ಒಂದು ಸಂಖ್ಯೆ ಬದಲಿಸಿ, ಮೊದಲೇ ಮಾಡಿಟ್ಟ ಇನ್ನೊಂದು ಚಿತ್ರ ತೆರೆದಳು. ಅಲೆಗಳು ದಪ್ಪವಾದವು. ನೀರು ಇಳಿಯುವುದು ನಿಧಾನವಾಯಿತು, ನಡುಗಿತು, ನಿಂತಿತು. ಆಮೇಲೆ ಗೋಡೆಯನ್ನೇ ಹತ್ತತೊಡಗಿತು.

ಗುರುಬಾಯಿ ಬಾಯಿಗೆ ಕೈ ಇಟ್ಟುಕೊಂಡಳು. "ನೀರು ಮ್ಯಾಲ ಹೊಂಟತ್ರಿ."

"ಇದನ್ನು ಫ್ಲಡಿಂಗ್ ಅಂತಾರೆ ಆಂಟಿ. ಗ್ಯಾಸ್ ಸ್ಪೀಡ್ ಜಾಸ್ತಿ ಆದ್ರೆ ನೀರನ್ನು ಕೆಳಗೆ ಬರೋಕೆ ಬಿಡಲ್ಲ. ನೀರೂ ಗ್ಯಾಸೂ ಎರಡೂ ಮೇಲಿಂದ ಉಕ್ಕುತ್ತೆ."

"ಕೆಳಗಿನ ಮೀಟರ್ ಏನು ತೋರಿಸ್ತದೆ ಆಗ?" ಮೋಹಿನಿ ಕೇಳಿದಳು.

"ಝೀರೋ."

ಅದನ್ನೇ ಅವಳು ತಗಡಿನ ಕೆಳಗೆ ನಿಂತಾಗಿನಿಂದ ಯೋಚಿಸುತ್ತಿದ್ದಳು. ಕೆಳಗೆ ನೀರು ಬರದಿರಲು ಎರಡು ಕಾರಣ ಇರಬಹುದು. ಮೇಲಿಂದ ಬಿಡದೇ ಇದ್ದರೆ ಒಂದು. ಬಿಟ್ಟ ನೀರು ಇಳಿಯಲಾಗದೇ ಹೋದರೆ ಇನ್ನೊಂದು. ಎರಡನೆಯದಾದರೆ ಖಂಡಪ್ಪ ವಾಲ್ವ್ ಮುಟ್ಟಿಯೇ ಇಲ್ಲ.

"ಆದ್ರೆ ಆವತ್ತು ಹಾಗೆ ಆಗಿರಲ್ಲ ದೊಡ್ಡಮ್ಮ," ಎಂದಳು ನಿಖಿತಾ. ದನಿ ತಗ್ಗಿತ್ತು. "ಮೀಟರ್ ದಾಖಲೆಯಲ್ಲಿರೋ ಗ್ಯಾಸ್ ಹಾಕಿದ್ರೆ ಲಿಮಿಟ್ಟಿನ ನೂರಕ್ಕೆ ಐವತ್ತೈದು ಅಷ್ಟೇ. ನೀರು ಆರಾಮಾಗಿ ಇಳಿಯುತ್ತೆ. ಮೂರು ಸಲ ನೋಡಿದೆ. ಸಾರಿ. ಕಂಪೆನಿ ಹೇಳಿದ್ದೇ ಸರಿ ಅನ್ಸುತ್ತೆ."

ಗುರುಬಾಯಿ ಪರದೆಯನ್ನೇ ನೋಡುತ್ತಿದ್ದಳು.

"ಎಷ್ಟು ಟ್ಯೂಬ ಹಾಕೀನಿ ಅಂದಿ ತಂಗಿ?"

"ಹತ್ತೊಂಬತ್ತು."

"ಹನ್ನೊಂದ ಅದಾವಲ್ರಿ."

ಇಬ್ಬರೂ ಅವಳ ಕಡೆ ತಿರುಗಿದರು. ಗುರುಬಾಯಿ ಕುಪ್ಪಸದೊಳಗಿಂದ ಫೋನು ತೆಗೆದು ಬೆರಳಿನಿಂದ ಹಿಂದಕ್ಕೆ ಹಿಂದಕ್ಕೆ ಸರಿಸಿದಳು. ದಸರೆಯ ಫೋಟೋ. ಆಯುಧಗಳಿಗೆ ಮಾಡುವ ಖಂಡೆ ಪೂಜೆಯ ದಿನ ಕಾರ್ಖಾನೆ ಬಂದ್. ಅವತ್ತು ಕಂಬದ ಮುಚ್ಚಳ ತೆಗೆದು, ಒಳಗಿನ ಕೊಳವೆಗಳ ಬಾಯಿ ಒರೆಸಿ, ಖಂಡಪ್ಪ ಮತ್ತು ಸಾಯಬಣ್ಣ ಒಂದೊಂದಕ್ಕೂ ಕುಂಕುಮ ಇಡುತ್ತಿದ್ದರು. ಸಾಯಬಣ್ಣ ನಿಂಬೆಹಣ್ಣು ಹಿಡಿದು ಕ್ಯಾಮೆರಾ ನೋಡಿ ನಗುತ್ತಿದ್ದ.

ಮೋಹಿನಿ ಫೋಟೋವನ್ನು ದೊಡ್ಡದು ಮಾಡಿದಳು. ದುಂಡಗಿನ ತಟ್ಟೆಯಲ್ಲಿ ಹತ್ತೊಂಬತ್ತು ಬಾಯಿ. ಹನ್ನೊಂದರ ಅಂಚಿಗೆ ಕುಂಕುಮದ ಬೊಟ್ಟು. ಉಳಿದ ಎಂಟಕ್ಕೆ ಇಲ್ಲ. ಆ ಎಂಟರ ಬಾಯಿಗೆ ಮರದ ಗೂಟ ಬಡಿದಿತ್ತು.

"ಇವು ಯಾಕೆ ಹೀಗೆ?"

"ತೂತ ಬಿದ್ದ ಟ್ಯೂಬ್ರಿ ಅವು. ತೂತ ಬಿದ್ರ ಗೂಟ ಬಡದು ಬಂದ್ ಮಾಡ್ತಾರ. ಸತ್ತದ್ದಕ್ಕ ಕುಂಕಮ ಯಾಕಂತ ಸಾಯಬಣ್ಣಣ್ಣ ನಕ್ಕೋತ ಹೇಳ್ತಿದ್ದಾ." ಅವಳು ಫೋನನ್ನು ಸೆರಗಿನಿಂದ ಒರೆಸಿದಳು. "ನಮ್ಮನಿಯವರು ಒಪ್ಪಿದ್ರು. ಜೀವ ಇದ್ದದ್ದಕ್ಕಷ್ಟ ಹಚ್ಚಿದ್ರು."

ನಿಖಿತಾ ಆಗಲೇ ಕೀಬೋರ್ಡಿನ ಮೇಲೆ ಬಾಗಿದ್ದಳು. ಅಷ್ಟೇ ಗ್ಯಾಸು, ಅಷ್ಟೇ ನೀರು, ಆದರೆ ಹನ್ನೊಂದೇ ದಾರಿ. ಕಂಪ್ಯೂಟರಿಗೆ ನಲವತ್ತು ನಿಮಿಷ ಹಿಡಿಯಿತು. ಪರದೆಯ ಮೇಲೆ ನೀಲಿ ಪದರ ದಪ್ಪಗಾಗಿ ನಡುಗಿತು. ಆದರೂ ಇಳಿಯಿತು.

"ನೂರಕ್ಕೆ ತೊಂಬತ್ತೈದು," ಎಂದಳು ನಿಖಿತಾ. "ಗಾಡ್. ಎಡ್ಜ್ ಮೇಲೆ ನಡೆಸ್ತಿದ್ರು. ಬಟ್, ಬೀಳಲ್ಲ."

"ಇನ್ನೊಂದು ಕಡಿಮೆ ಮಾಡು."

"ಹತ್ತು?"

"ಹತ್ತು."

ಮತ್ತೆ ನಲವತ್ತು ನಿಮಿಷ. ಈ ಸಲ ನೀಲಿ ನಿಂತಿತು, ಹತ್ತಿತು, ಮೇಲಿನ ಬಾಯಿಂದ ಹೊರಗೆ ಚೆಲ್ಲಿತು.

ಮೋಹಿನಿ ಆ ಹೊತ್ತಿನಲ್ಲಿ ಮೀಟರ್ ದಾಖಲೆಯ ಮೇಲೆ ಬೆರಳಾಡಿಸುತ್ತಿದ್ದಳು. ಒಂದು ಇಪ್ಪತ್ತರಿಂದ ಒಂದು ಐವತ್ತೆಂಟರವರೆಗೆ ಗ್ಯಾಸು ಸೊನ್ನೆ. ಪಕ್ಕದಲ್ಲಿ ಯಾರೋ 'ಲಂಚ್' ಎಂದು ಬರೆದಿದ್ದರು.

"ಗುರುಬಾಯಿ, ಊಟಕ್ಕೆ ಗ್ಯಾಸು ನಿಲ್ಲಿಸ್ತಾರಾ?"

"ಇಲ್ರಿ ಅಕ್ಕೋರ. ಒಬ್ಬರು ಉಂಡು ಬಂದ ಮ್ಯಾಲ ಇನ್ನೊಬ್ಬರು ಹೋಗ್ತಾರ. ಅದು ನಿಂತ್ರ ಮತ್ತ ಹಚ್ಚೂದು ತ್ರಾಸಂತ."

ಅಂದರೆ ಆ ಮೂವತ್ತೆಂಟು ನಿಮಿಷದಲ್ಲಿ ಯಾರೋ ಮುಚ್ಚಳ ತೆಗೆದು ಒಂಬತ್ತನೆಯ ಗೂಟ ಬಡಿದಿದ್ದರು. ಹತ್ತೇ ದಾರಿ ಉಳಿದಿತ್ತು. ಆಮೇಲೆ ಗ್ಯಾಸು ಬಿಟ್ಟಿದ್ದರು.

"ಹಂಗಂದ್ರ ನಮ್ಮನಿಯವರು ಬಿಡುಗಡಿ ಆಗ್ತಾರೇನ್ರಿ?" ಗುರುಬಾಯಿ ಕೇಳಿದಳು. ಹನ್ನೆರಡು ದಿನದಲ್ಲಿ ಮೊದಲ ಸಲ ಅವಳ ದನಿಯಲ್ಲಿ ಆಸೆಯಿತ್ತು.

ಮೋಹಿನಿ ಅವಳ ಕೈ ಮೇಲೆ ಕೈ ಇಟ್ಟಳು. ಆ ಅಟ್ಟಕ್ಕೆ ಹತ್ತುತ್ತಿದ್ದವರು ಇಬ್ಬರೇ. ಒಬ್ಬ ಸತ್ತಿದ್ದ. ಇನ್ನೊಬ್ಬ ಖಂಡಪ್ಪ.

*

ಭಾನುವಾರ ಮಧ್ಯಾಹ್ನ ಮೂರಕ್ಕೆ ದಾದರ್ ಸ್ಟೇಷನ್ನಿನ ಹತ್ತಿರದ ಉಡುಪಿ ಹೋಟೆಲಿನಲ್ಲಿ ಶೇಖರ ಕಾಯುತ್ತಿದ್ದ. ಹೋಟೆಲು ಅವನ ಸೋದರಮಾವನದು; ಅಲ್ಲಿಗೆ ಬನ್ನಿ ಎಂದು ಅವನೇ ಕರೆದಿದ್ದ. ಊಟದ ಗದ್ದಲ ಇಳಿದಿತ್ತು. ಮೋಹಿನಿ ಹಣೆ ಒರೆಸಿಕೊಂಡದ್ದನ್ನು ಕಂಡ ಸಪ್ಲೈಯರ್ ಗೋಡೆಯ ಫ್ಯಾನನ್ನು ಅವಳ ಕಡೆ ತಿರುಗಿಸಿ ಹೋದ.

"ಕಾಫಿ ಹೇಳಲಾ ಅಕ್ಕ?"

"ಮೊದಲು ಇದನ್ನು ನೋಡಿ."

ಫೋಟೋವನ್ನು ಅವನು ಬಹಳ ಹೊತ್ತು ನೋಡಿದ. ಎಣಿಸುವ ಅಗತ್ಯ ಅವನಿಗಿರಲಿಲ್ಲ.

"ಈ ಪೂಜೆಯನ್ನು ನಾನೇ ಮಾಡ್ಲಿಕ್ಕೆ ಬಿಟ್ಟದ್ದು," ಎಂದ. "ಬೇಡ ಅಂದಿದ್ರೆ ನಿಮಗೆ ಇದು ಸಿಕ್ತಿರಲಿಲ್ಲ."

"ಇನ್‌ಸ್ಪೆಕ್ಟರಿಗೆ ಕೊಟ್ಟ ಕಾಗದದಲ್ಲಿ ಹತ್ತೊಂಬತ್ತು ಅಂತ ಉಂಟು. ನಿಮ್ಮ ಸಹಿ."

"ಉಂಟು."

"ಹನ್ನೊಂದರಲ್ಲಿ ನಡೆಸ್ತಿದ್ರಿ."

"ಎರಡು ವರ್ಷ ನಡೀತು. ಹೊಸ ಟ್ಯೂಬು ಹಾಕಬೇಕಾದ್ರೆ ಎರಡು ತಿಂಗಳು ಬಂದ್. ಬಂದ್ ಆದ್ರೆ ಅರುವತ್ತು ಜನ ಮನೇಲಿ. ಅದರಲ್ಲಿ ಅರ್ಧ ನಮ್ಮ ಕನ್ನಡದವರೇ. ನೀವೇ ಹೇಳಿ, ಎಂತ ಮಾಡಬೇಕಿತ್ತು?"

"ಬಂದ್ ಮಾಡಬೇಕಿತ್ತು."

"ಸಯನ್‌ನಲ್ಲಿ ಕೂತು ಹೇಳ್ಲಿಕ್ಕೆ ಸುಲಭ." ಅವನು ಸಿಟ್ಟಾಗಲಿಲ್ಲ. ದಣಿದಿದ್ದ. "ಹನ್ನೊಂದರಲ್ಲಿ ನೀರು ಉಕ್ಕುದಿಲ್ಲ ಅಕ್ಕ. ಲೆಕ್ಕ ಮಾಡಿಯೇ ನಡೆಸ್ತಿದ್ದದ್ದು."

"ಗೊತ್ತು. ನನ್ನ ತಂಗಿ ಮಗಳೂ ಅದನ್ನೇ ಹೇಳಿದಳು. ಉಕ್ಕಿದ್ದು ಹತ್ತರಲ್ಲಿ."

ಶೇಖರ ನೀರಿನ ಗ್ಲಾಸನ್ನು ಮೇಜಿನ ಮೇಲೆ ಅತ್ತಿತ್ತ ಸರಿಸಿದ.

"ಊಟಕ್ಕೆ ಗ್ಯಾಸು ನಿಲ್ಲಿಸುವ ಪದ್ಧತಿ ನಿಮ್ಮಲ್ಲಿ ಇಲ್ಲ," ಎಂದಳು ಮೋಹಿನಿ. "ಆವತ್ತು ಮೂವತ್ತೆಂಟು ನಿಮಿಷ ನಿಲ್ಲಿಸಿದ್ರಿ. ಒಂಬತ್ತನೇ ಗೂಟ ಯಾರು ಹೊಡೆದದ್ದು?"

"ಎಂಟಕ್ಕೆ ನಾನು ಜವಾಬ್ದಾರ. ಒಂಬತ್ತನೆಯದು ನನ್ನದಲ್ಲ."

ಅಂಗಿಯ ಕಿಸೆಯಿಂದ ಮಡಚಿದ ಚೀಟಿ ತೆಗೆದು ಅವಳ ಮುಂದಿಟ್ಟ. ಸ್ಟೋರಿನ ಚೀಟಿ. ಸಾಗವಾನಿ ಗೂಟ, ಒಂದು. ಅಪಘಾತದ ದಿನದ ತಾರೀಖು. ಸಮಯ ಒಂದು ಇಪ್ಪತ್ತೈದು. ಪಡೆದವರ ಜಾಗದಲ್ಲಿ ಕನ್ನಡ ಅಕ್ಷರ, ದಪ್ಪಗೆ, ಒಂದೊಂದಾಗಿ ಕೂಡಿಸಿ ಬರೆದದ್ದು. ಖಂಡಪ್ಪ.

ವಕೀಲರ ಕಾಗದದ ಮೇಲೆ ಅವನು ಸಹಿ ಹಾಕಿದ್ದನ್ನು ಮೋಹಿನಿ ಹತ್ತಿರದಿಂದ ನೋಡಿದ್ದಳು. ಇದು ಅವನ ಕೈಯೇ. ಸಂಶಯವಿರಲಿಲ್ಲ.

ಮೂರು ಸಲ ಅವಳು ಲಾಕಪ್ಪಿಗೆ ಹೋಗಿದ್ದಳು. ಮೂರು ಸಲವೂ ಅವನು ಹೇಳಿದ್ದು ಒಂದೇ ಮಾತು. ನಾ ನೀರು ಮುಚ್ಚಿಲ್ರಿ. ಗೂಟದ ಸುದ್ದಿ ಎತ್ತಿರಲೇ ಇಲ್ಲ.

"ಇದನ್ನು ಪೊಲೀಸರಿಗೆ ಯಾಕೆ ಕೊಡಲಿಲ್ಲ?"

"ಕೊಟ್ರೆ ಎಂಟರ ಕಥೆಯೂ ಹೊರಗೆ ಬರ್ತದಲ್ಲ." ಶೇಖರ ಚೀಟಿಯನ್ನು ಮತ್ತೆ ಮಡಚಿದ. "ನಾಳೆ ನಿಮ್ಮ ವಕೀಲರು ಕೋರ್ಟಲ್ಲಿ ಎಂಟು ಅಂದ್ರೆ, ನಮ್ಮವರು ಒಂಬತ್ತು ಅಂತಾರೆ. ಈಗ ಅವನ ಮೇಲಿರುದು ಬರೇ ಅಜಾಗ್ರತೆ. ವಾಲ್ವ್ ಮರೆತ ಅಂತ. ಈ ಚೀಟಿ ಬಂದ್ರೆ, ಗೊತ್ತಿದ್ದೂ ಗೂಟ ಹೊಡೆದು, ಮೇಲೆ ಮನುಷ್ಯ ನಿಂತಿರುವಾಗಲೇ ಗ್ಯಾಸು ಬಿಟ್ಟ ಅಂತ ಆಗ್ತದೆ. ಯಾವುದು ಒಳ್ಳೆದು, ಆ ಹೆಂಗಸಿನ ಹತ್ರ ನೀವೇ ಕೇಳಿ."

"ನನ್ನನ್ನು ಹೆದರಿಸ್ಲಿಕ್ಕೆ ಕರೆದದ್ದಾ?"

"ನಿಮ್ಮನ್ನಾ? ಇಲ್ಲ ಮಾರಾಯ್ರೆ." ಅವನು ಎದ್ದ. "ನನಗೇ ಹೆದರಿಕೆ."

ಹೋಗುವಾಗ ಸಪ್ಲೈಯರನನ್ನು ಕರೆದು ಅಕ್ಕನಿಗೆ ಬಿಸಿ ಕಾಫಿ ಕೊಡು ಎಂದ. ಕಾಫಿ ಬಂತು. ಮೋಹಿನಿ ಅದನ್ನು ಮುಟ್ಟಲಿಲ್ಲ.

*

ಜೋಗೇಶ್ವರಿಯಲ್ಲಿ ಗುರುಬಾಯಿ ಇದ್ದ ಚಾಳಿನಲ್ಲಿ ಅವಳ ಬಾಗಿಲಿಗೆ ಎದುರು ಬಾಗಿಲು ಶರಣವ್ವನದು. ಸಾಯಬಣ್ಣನ ಹೆಂಡತಿ. ಎರಡೂ ಕಾರ್ಖಾನೆಯವರು ಕೊಟ್ಟ ಒಂದೇ ಕೋಣೆಯ ಖೋಲಿಗಳು. ಹನ್ನೆರಡು ದಿನದಿಂದ ಎರಡು ಮನೆಯ ನಡುವೆ ಮಾತಿರಲಿಲ್ಲ. ಆದರೆ ಸಂಜೆ ಐದಕ್ಕೆ ನಲ್ಲಿ ಬಂದಾಗ ಗುರುಬಾಯಿ ಎರಡು ಕೊಡ ತುಂಬಿ, ಒಂದನ್ನು ಎದುರು ಹೊಸ್ತಿಲ ಹತ್ತಿರ ಇಟ್ಟು ಬರುತ್ತಿದ್ದಳಂತೆ. ಮರುದಿನ ಖಾಲಿ ಕೊಡ ಗುರುಬಾಯಿಯ ಬಾಗಿಲಲ್ಲಿ ಇರುತ್ತಿತ್ತಂತೆ. ಆ ಭಾನುವಾರ ಸಂಜೆ ಮೋಹಿನಿ ಹೋದಾಗಲೂ ತುಂಬಿದ ಕೊಡ ಅಲ್ಲಿತ್ತು. ಅದನ್ನು ಎತ್ತಿ ಒಳಗೆ ಇಟ್ಟೇ ಅವಳು ಕೂತಳು.

ಶರಣವ್ವ ಸ್ಟವ್ವಿನ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ಕೈ ನಿಲ್ಲಲಿಲ್ಲ.

"ತಂಗಿ, ಆ ದಿನ ಮಧ್ಯಾಹ್ನ ಕಂಬಕ್ಕೆ ಒಂದು ಗೂಟ ಬಡಿದಿದ್ದಾರೆ. ಖಂಡಪ್ಪ ಸ್ಟೋರಿನಿಂದ ಅದನ್ನು ತಂದದ್ದಕ್ಕೆ ಚೀಟಿ ಉಂಟು. ನಿನಗೆ ಏನಾದರೂ ಗೊತ್ತಾ?"

ಕೈ ನಿಂತಿತು. ಹಂಚಿನ ಮೇಲಿನ ರೊಟ್ಟಿ ಉಬ್ಬಿ ಒಂದು ಕಡೆ ಸೀಯತೊಡಗಿತು. ಶರಣವ್ವ ಸ್ಟವ್ ಆರಿಸಿ, ಕೈ ಒರೆಸಿಕೊಂಡು, ಟ್ರಂಕಿನೊಳಗಿನ ಸೀರೆಗಳ ಕೆಳಗಿಂದ ಫೋನು ತೆಗೆದಳು. ಗಾಜು ಬಿರುಕು ಬಿಟ್ಟಿದ್ದ ಹಳೆಯ ಫೋನು.

"ಒಂದು ನಲವತ್ತೊಂದಕ್ಕ ಬಂದದ್ರಿ," ಎಂದಳು. ಒತ್ತಿದಳು.

ಸತ್ತವನ ದನಿ ಖೋಲಿಯಲ್ಲಿ ತುಂಬಿಕೊಂಡಿತು.

"ಶರಣೀ, ಉಂಡೇನ? ನಂದು ತಡ ಆಗ್ತದ ನೋಡ. ಇನ್ನೊಂದು ಟ್ಯೂಬ ಒಡದದ. ಖಂಡಪ್ಪ ಗೂಟ ತಂದಾ, ಮತ್ತ ಒಲ್ಲೆ ಅಂತ ಟೇಬಲ್ ಮ್ಯಾಲ ಇಟ್ಟಾ. ಹತ್ತರಾಗ ನಡಿಯೂದಿಲ್ಲ, ಬಂದ್ ಮಾಡಸ್ತೀನಿ ಅಂತ ಆಫೀಸಿಗೆ ಫೋನ್ ಹಚ್ಚಾಕ ಹೋಗ್ಯಾನ. ಇತ್ತ ಶೇಖರ ಸಾಹೇಬರು ಬಂದು, ನೀ ಬಡದು ಬಾರೋ, ಒಂದಕ್ಕ ಏನಾಗ್ತದ ಅಂದ್ರು. ಹೋಗ್ಲಿ ಅಂತ ಬಡದಬಿಟ್ಟೆ. ಬೋಲ್ಟ್ ಬಿಗಿ ಮಾಡಿ ಬರ್ತೀನಿ. ಖಂಡಪ್ಪಗ ಹೇಳಬ್ಯಾಡ ಮತ್ತ, ಬೈತಾನ."

ಕೊನೆಯಲ್ಲಿ ಸಣ್ಣಗೆ ನಕ್ಕಿದ್ದ. ಅಲ್ಲಿಗೆ ಮುಗಿಯಿತು.

ಮೋಹಿನಿ ಮುಂದಕ್ಕೆ ಬಾಗಿದಳು. "ಖಂಡಪ್ಪನಿಗೆ ಇದು ಗೊತ್ತಾ?"

"ಆವತ್ತ ದವಾಖಾನಿಯಾಗ ನಾನ ಕೇಳಿಸಿದೆ. ಗ್ವಾಡಿಗೆ ತಲಿ ಬಡಕೊಂಡ್ರು. ಸಾಹೇಬರು ಬರೇ ಬೋಲ್ಟ್ ಬಿಗಿ ಮಾಡಿಸೀವಿ, ಗ್ಯಾಸ್ ಬಿಡು ಅಂದ್ರಂತ. ಗೂಟದ ಸುದ್ದಿ ಹೇಳಿಲ್ಲಂತ. ಖಂಡಪ್ಪಣ್ಣ ಬಿಟ್ರು." ಶರಣವ್ವ ಫೋನನ್ನು ಎರಡೂ ಕೈಯಿಂದ ಹಿಡಿದಿದ್ದಳು. "ಆಮ್ಯಾಲ ಅಂದ್ರು, ವೈನಿ, ಇದನ್ನ ಯಾರಿಗೂ ಕೇಳಿಸಬ್ಯಾಡ್ರಿ. ಮಂದಿ ಅವನ ಕೈಲೆ ಅವನ ಸತ್ತ ಅಂತಾರ. ಖೋಲಿ ಕಸಗೋತಾರ. ನಂದು ನಾ ಹೆಂಗರ ನೋಡ್ಕೋತೀನಿ ಅಂತ."

"ಈಗ ಅವನು ನೋಡಿಕೊಳ್ಳುವ ಸ್ಥಿತಿಯಲ್ಲಿಲ್ಲ ತಂಗಿ. ಆ ಚೀಟಿ ಕೋರ್ಟಿಗೆ ಬಂದರೆ ಅವನು ಹೊರಗೆ ಬರುವುದಿಲ್ಲ. ಅದಕ್ಕೆ ಉತ್ತರ ಕೊಡುವುದು ಈ ದನಿ ಒಂದೇ."

"ತಿಳೀತದ್ರಿ."

"ನನಗೆ ಈಗಲೇ ಕಳಿಸು. ಒಂದು ನಿಮಿಷದ ಕೆಲಸ."

ಶರಣವ್ವ ಅಲ್ಲಾಡಲಿಲ್ಲ. "ನಿನ್ನಿ ಸಂಜಿಕ ಸಾಹೇಬರು ಬಂದಿದ್ರು. ನಿನ್ನ ಗಂಡಂದು ತಪ್ಪಿಲ್ಲ ಅಂತ ಬರಕೊಡ್ತೀವಿ, ಖೋಲಿ ನಿನಗ ಇರ್ತದ, ಪ್ಯಾಕಿಂಗಿನ್ಯಾಗ ಕೆಲಸ ಕೊಡ್ತೀವಿ ಅಂದ್ರು. ಹೋಗೂ ಮುಂದ ಅಂದ್ರು, ಫೋನ್ ಹಳೇ ಆಗ್ಯದಲ್ಲವ್ವಾ, ನಾಳಿಗೆ ಹೊಸಾದ ಕಳಸ್ತೀನಿ, ಇದನ್ನ ಕೊಟ್ಟಬಿಡು."

"ನಾಳೆ ಅಂದರೆ ಇವತ್ತು."

"ಏಳಕ್ಕ ಬರ್ತಾರ್ರಿ."

ಮೋಹಿನಿ ಗೋಡೆಯ ಗಡಿಯಾರ ನೋಡಿದಳು. ಆರೂವರೆ. ದಾದರಿನಲ್ಲಿ ಶೇಖರ ಹೆದರಿಕೆ ಎಂದದ್ದು ಯಾವುದಕ್ಕೆಂದು ಈಗ ತಿಳಿಯಿತು.

"ಕೊಡಬೇಡ ತಂಗಿ. ಅವನಿಗೆ ಕೊಡಬೇಡ."

"ನಿಮಗ ಕೊಟ್ರೇನಾಗ್ತದ್ರಿ?" ಶರಣವ್ವ ತಲೆ ಎತ್ತಿದಳು. ಕಣ್ಣು ಒಣಗಿದ್ದವು. "ದಿನಾ ಒಂದು ಸಲ ಕೇಳ್ತೀನ್ರಿ ಇದನ್ನ. ಉಂಡೇನ ಅಂತಾರಲ್ಲ, ಅಷ್ಟಕ್ಕ. ನಾಳೆ ಕೋರ್ಟಿನ್ಯಾಗ ಹತ್ತು ಮಂದಿ ನಡುವ ಹಚ್ಚಿದ್ರ, ಅದು ತಪ್ಪು ಮಾಡಿದಾಂವನ ದನಿ ಆಗ್ತದ. ಆಮ್ಯಾಲ ನಾ ಹೆಂಗ ಕೇಳಲಿ?"

ಮೋಹಿನಿಗೆ ಸುಳ್ಳು ಸಮಾಧಾನ ಹೇಳಲು ಮನಸ್ಸಾಗಲಿಲ್ಲ. ಎದುರು ಬಾಗಿಲಲ್ಲಿ ಗುರುಬಾಯಿ ಅಕ್ಕಿ ಆರಿಸುತ್ತ ಕೂತಿದ್ದಳು. ಈ ಖೋಲಿಯೊಳಗೆ ತನ್ನ ಗಂಡನ ಬಿಡುಗಡೆ ಇದೆ ಎಂದು ಅವಳಿಗೆ ಗೊತ್ತಿರಲಿಲ್ಲ. ಹೇಳಿದರೆ ಅವಳು ಬಂದು ಕಾಲು ಹಿಡಿಯುತ್ತಾಳೆ. ಹೇಳುವ ಹಕ್ಕು ತನಗಿದೆಯೇ ಎಂದು ಮೋಹಿನಿಗೆ ಖಚಿತವಿರಲಿಲ್ಲ.

ಶರಣವ್ವ ಫೋನನ್ನು ಟ್ರಂಕಿಗೆ ಹಾಕಲಿಲ್ಲ. ಮಡಿಲಲ್ಲಿ ಇಟ್ಟುಕೊಂಡು ಮತ್ತೆ ಸ್ಟವ್ ಹಚ್ಚಿದಳು. ಸೀದ ರೊಟ್ಟಿಯನ್ನು ತನ್ನ ತಾಟಿಗೆ ಹಾಕಿಕೊಂಡು, ಹೊಸದಾಗಿ ನಾಲ್ಕು ಬಡಿದಳು. ಬೇಯಿಸಿದಳು. ಸ್ಟೀಲಿನ ಡಬ್ಬಿಯಲ್ಲಿ ರೊಟ್ಟಿ ಮಡಚಿ ಇಟ್ಟು, ಪಕ್ಕದಲ್ಲಿ ಬದನೆಕಾಯಿ ಪಲ್ಯ, ಒಂದು ಹಿಡಿ ಶೇಂಗಾ ಹಿಂಡಿ ಹಾಕಿದಳು. ಹಸಿಮೆಣಸಿನಕಾಯಿ ಇಡಹೋದವಳು ಯೋಚಿಸಿ ತೆಗೆದಳು.

"ಖಂಡಪ್ಪಣ್ಣಗ ಖಾರ ಆಗಿಬರಂಗಿಲ್ಲ," ಎಂದಳು.

ಹೊರಗೆ ಚಾಳಿನ ಕಟ್ಟಿಗೆಯ ಮೆಟ್ಟಿಲ ಮೇಲೆ ಬೂಟಿನ ಸದ್ದು ಕೇಳಿಸಿತು. ಯಾರೋ ಹತ್ತಿ ಬರುತ್ತಿದ್ದರು. ಏಳಕ್ಕೆ ಇನ್ನೂ ಹತ್ತು ನಿಮಿಷವಿತ್ತು.

ಶರಣವ್ವ ಬಾಗಿಲ ಕಡೆ ನೋಡಲಿಲ್ಲ. ಎಡಗೈ ಮಡಿಲ ಫೋನಿನ ಮೇಲಿತ್ತು. ಬಲಗೈಯಿಂದ ಡಬ್ಬಿಯನ್ನು ಹಳೆಯ ಟವೆಲ್ಲಿನಲ್ಲಿ ಸುತ್ತಿ ಮೋಹಿನಿಯ ಕಡೆ ಸರಿಸಿದಳು.

"ಎಂಟರೊಳಗ ಠಾಣೆಕ್ಕ ಹೋದ್ರ ಮನಿ ಊಟ ಒಳಗ ಬಿಡ್ತಾರಂತ್ರಿ," ಎಂದಳು ಮೆಲ್ಲಗೆ. "ಬಿಸಿ ಇದ್ದಾಗ ಕೊಡ್ರಿ."